ಕಾಲುವೆ ನಾಣ್ಯದ ಮೊದಲ ಕೈ

ನಾಣ್ಯವನ್ನು ಜೇಬಿಗೆ ಹಾಕಿಕೊಂಡಿದ್ದರೆ ಕಿಟ್ಟಿಲ್‌ಗೆ ಅಂದಿನ ಪಾಡು ಬರುತ್ತಿರಲಿಲ್ಲ. ಆದರೆ ತನ್ನ ಜೇಬಿನ ಮೇಲೆ ಅವನಿಗೇ ನಂಬಿಕೆ ಇರಲಿಲ್ಲ. ಮನೆಯ ಬೀಗದ ಕೈ, ಕನ್ನಡಕ, ಬಸ್ಸಿನ ಪಾಸು ಎಲ್ಲವೂ ಅದೇ ಜೇಬಿನಿಂದ ಒಂದೊಂದಾಗಿ ಊರು ಬಿಟ್ಟಿದ್ದವು. ಹಾಗಾಗಿ ಬೆಳಿಗ್ಗೆ ಬ್ರೆಡ್ಡಿನ ಮೇಲೆ ಕಂದು ಚೀಸ್ ಇಡುವಾಗ, ಎರಡು ಹೋಳುಗಳ ನಡುವೆ ನಾಣ್ಯವನ್ನೂ ಇಟ್ಟು ಕಾಗದದಲ್ಲಿ ಸುತ್ತಿಬಿಟ್ಟ. ನಮ್ಮ ಕಡೆ ಒಬ್ಬರ ಮನೆಗೆ ಇನ್ನೊಬ್ಬರು ಬಾಗಿಲು ತಟ್ಟದೆ ನುಗ್ಗಿದರೂ ನುಗ್ಗಬಹುದು, ಒಬ್ಬರ ಬುತ್ತಿಯನ್ನು ಮಾತ್ರ ಇನ್ನೊಬ್ಬರು ಬಿಚ್ಚುವುದಿಲ್ಲ.

ಅಂಗಡಿಗೆ ಕೊಟ್ಟರೆ ಆ ನಾಣ್ಯಕ್ಕೆ ಒಂದು ಬೆಂಕಿಪೊಟ್ಟಣವೂ ಸಿಗದು. ಅದು ಬಚ್ಚಿಟ್ಟ ಪೆಟ್ಟಿಗೆಗಳನ್ನು ಹುಡುಕುವ ಆಟದವರ ನಾಣ್ಯ. ಒಂದು ಮುಖದಲ್ಲಿ ನಮ್ಮ ಟೆಲೆಮಾರ್ಕ್ ಕಾಲುವೆಯ ಹಡಗು, ಇನ್ನೊಂದು ಮುಖದಲ್ಲಿ ಹಡಗನ್ನು ಹಂತ ಹಂತವಾಗಿ ಏರಿಸಿ ಇಳಿಸುವ ವ್ರಾಂಗ್‌ಫೊಸ್‌ನ ನೀರಿನ ತೊಟ್ಟಿಗಳ ಮೆಟ್ಟಿಲು, ಅಂಚಿನಲ್ಲಿ ಒಂದು ಸಂಖ್ಯೆ. ನಮ್ಮ ಅಜ್ಜಂದಿರು ಬಂಡೆ ಸಿಡಿಸಿ ಕಟ್ಟಿದ ಕಾಲುವೆಯ ಗೌರವಕ್ಕೆಂದು ಊರಿನ ಆಟಗಾರರ ಸಂಘ ಮಾಡಿಸಿದ್ದು. ಅದು ಯಾರ ಸ್ವತ್ತೂ ಅಲ್ಲ. ಪೆಟ್ಟಿಗೆಯಿಂದ ಪೆಟ್ಟಿಗೆಗೆ, ಕೈಯಿಂದ ಕೈಗೆ ದೇಶ ಸುತ್ತಬೇಕು. ಆದರೆ ಮೊದಲ ಪೆಟ್ಟಿಗೆಯಲ್ಲಿ ಅದನ್ನಿಟ್ಟು, ಸಂಖ್ಯೆಯನ್ನು ಫೋನಿನಲ್ಲಿ ಯಾರು ಒತ್ತುತ್ತಾರೋ ಅವರ ಹೆಸರು ನಾಣ್ಯದ ಪ್ರಯಾಣದ ತುತ್ತತುದಿಯಲ್ಲಿ ಶಾಶ್ವತವಾಗಿ ನಿಲ್ಲುತ್ತದೆ. ಅವರೇ ಮೊದಲ ಕೈ. ಸಂಘದಲ್ಲಿ ಚೀಟಿ ಎತ್ತಿದಾಗ ಆ ಭಾಗ್ಯ ಕಿಟ್ಟಿಲ್‌ಗೆ ಬಂತು.

ಇದರ ಬೆಲೆ ಗೊತ್ತಾಗಬೇಕಾದರೆ ಕಿಟ್ಟಿಲ್ ಹುಟ್ಟಿದಾಗಿನಿಂದ ಎರಡನೆಯವನು ಎಂಬುದು ಗೊತ್ತಿರಬೇಕು. ಶಾಲೆಯ ಹಿಮಜಾರು ಓಟದಲ್ಲಿ ಎರಡನೆಯವನು. ಪ್ರೀತಿಸಿದ ಹುಡುಗಿಯ ಮದುವೆಯಲ್ಲೂ ಎರಡನೆಯ ಸಾಲಿನಲ್ಲಿ ಕೂತವನು. ಈ ಆಟದಲ್ಲಂತೂ ಕೇಳುವುದೇ ಬೇಡ. ಎಲ್ಲಿ ಹೊಸ ಪೆಟ್ಟಿಗೆ ಇಟ್ಟ ಸುದ್ದಿ ಬಂದರೂ ಎದ್ದುಬಿದ್ದು ಓಡುತ್ತಿದ್ದ, ಮುಚ್ಚಳ ತೆಗೆದರೆ ಒಳಗೆ ‘ನೀರುಹಕ್ಕಿ’ ಎಂಬ ರುಜು ಆಗಲೇ ಕೂತಿರುತ್ತಿತ್ತು. ಈ ನೀರುಹಕ್ಕಿ ಗಂಡೋ ಹೆಣ್ಣೋ, ಯಾವ ಊರಿನದೋ ಯಾರಿಗೂ ತಿಳಿಯದು. ಜನ್ಮದಲ್ಲಿ ಒಂದೇ ಒಂದು ಸಲ ಅದಕ್ಕಿಂತ ಮೊದಲು ತನ್ನ ಹೆಸರು ಬರಬೇಕು ಎಂಬುದು ಕಿಟ್ಟಿಲ್‌ನ ಹಂಬಲ.

ಆ ಶನಿವಾರ ವ್ರಾಂಗ್‌ಫೊಸ್‌ಗೆ ಬಂದು ನೋಡಿದರೆ ಊರಿಗೆ ಊರೇ ಅಲ್ಲಿ ನೆರೆದಿತ್ತು. ಅವತ್ತು ದುಗ್ನಾಡ್ ಎಂಬುದನ್ನೇ ಅವನು ಮರೆತಿದ್ದ. ಹಡಗಿನ ಕಾಲ ಶುರುವಾಗುವ ಮೊದಲು ಊರವರೆಲ್ಲ ಕೂಡಿ ದಂಡೆ ಗುಡಿಸುವ ದಿನ ಅದು. ಸಂಬಳವಿಲ್ಲ, ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಬಾರದವರನ್ನು ಊರು ಬಾಯಿಬಿಟ್ಟು ಬೈಯುವುದಿಲ್ಲ, ಮುಂದಿನ ವರ್ಷದವರೆಗೆ ನೆನಪಿಟ್ಟುಕೊಳ್ಳುತ್ತದೆ ಅಷ್ಟೆ.

ಆಟದ ಮುಖ್ಯ ನಿಯಮವೆಂದರೆ ಹೊರಗಿನವರಿಗೆ ಪೆಟ್ಟಿಗೆಯ ಗುಟ್ಟು ಬಿಡಬಾರದು. ಕಿಟ್ಟಿಲ್ ಒಂದು ಪೊರಕೆ ಹಿಡಿದು, ಎಲೆ ಗುಡಿಸುತ್ತ ಗುಡಿಸುತ್ತ ಅತಿ ಮೇಲಿನ ತೊಟ್ಟಿಯ ಕದದ ಬಳಿ ಸರಿದ. ಪೆಟ್ಟಿಗೆ ಇದ್ದದ್ದು ಅಲ್ಲೇ, ಕಲ್ಲುಗೋಡೆಯ ಸಂದಿನಲ್ಲಿ. ಅತ್ತಿತ್ತ ನೋಡಿ ಬಗ್ಗಿದ್ದೇ ತಡ, ಬೆನ್ನ ಹಿಂದೆ ದನಿ ಬಂತು.

“ಏನೋ ಮಾಡ್ತಿದೀಯ ಅಲ್ಲಿ?”

ಗುನ್ವೋರಜ್ಜಿ. ಅವಳ ತೀರಿಹೋದ ಗಂಡ ಇದೇ ತೊಟ್ಟಿಗಳ ಕಾವಲುಗಾರನಾಗಿದ್ದವನು. ಆದ್ದರಿಂದ ಇಲ್ಲಿನ ಕಲ್ಲು ಕಲ್ಲೂ ತನ್ನದೇ ಎಂಬುದು ಅಜ್ಜಿಯ ಭಾವನೆ.

“ಬುತ್ತಿ ತಿಂತಿದೀನಿ ಅಜ್ಜಿ,” ಎಂದ ಕಿಟ್ಟಿಲ್, ಗಾಬರಿಯಲ್ಲಿ ಕಾಗದ ಬಿಚ್ಚುತ್ತ.

“ಈಗಿನ್ನೂ ಮೊದಲ ಕಾಫೀನೇ ಆಗಿಲ್ಲ, ಈಗ್ಲೇ ಊಟಾನಾ? ಮೈಗೆ ಹುಷಾರಿಲ್ವೇನೋ?”

ಹೊತ್ತಲ್ಲದ ಹೊತ್ತಿನಲ್ಲಿ ಬುತ್ತಿ ಬಿಚ್ಚುವುದು ನಮ್ಮಲ್ಲಿ ಕಳ್ಳತನಕ್ಕಿಂತ ಹೆಚ್ಚು ಅನುಮಾನದ ವಿಷಯ. ಕಿಟ್ಟಿಲ್ ಕಾಗದವನ್ನು ಮತ್ತೆ ಸುತ್ತಲು ಹೋದ. ಬ್ರೆಡ್ಡು ಬಾಯಿ ಬಿಟ್ಟಿತು. ನಾಣ್ಯ ಜಾರಿ, ಕಲ್ಲಿನ ಅಂಚಿಗೆ ಒಮ್ಮೆ ಬಡಿದು, ತೊಟ್ಟಿಯ ಕಪ್ಪು ನೀರಿಗೆ ಗುಳುಂ ಎಂದು ಬಿತ್ತು.

“ಅದೇನು ಬಿದ್ದಿದ್ದು?” ಅಜ್ಜಿ ಕೇಳಿದಳು. ಕೇಳುವಾಗ ಅಭ್ಯಾಸದಂತೆ ತನ್ನ ಬರಿದಾದ ಬೆರಳನ್ನು ಉಜ್ಜಿಕೊಳ್ಳುತ್ತಿದ್ದಳು. ಕಿಟ್ಟಿಲ್‌ನ ಕಣ್ಣು ಆ ಬೆರಳಿನ ಮೇಲೆ ಬಿತ್ತು, ಬಾಯಿಂದ ಮಾತು ಹಾರಿತು.

“ಉಂಗುರ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅವನಿಗೆ ಮದುವೆಯೇ ಆಗಿರಲಿಲ್ಲ.

ಅಜ್ಜಿಯ ಮುಖ ಅರಳಿತು. “ಅಂದ್ರೆ ಕೊನೆಗೂ ಯಾರೋ ಒಪ್ಪಿದ್ರು ಅನ್ನು.”

ಸುದ್ದಿ ನೀರಿಗಿಂತ ಬೇಗ ಕೆಳಗಿಳಿಯಿತು. ಮೂರನೆಯ ತೊಟ್ಟಿ ಮುಟ್ಟುವಷ್ಟರಲ್ಲಿ ಹುಡುಗಿ ಶೀಯೆನ್ ಪೇಟೆಯ ನರ್ಸ್ ಆಗಿದ್ದಳು. ಕೊನೆಯ ತೊಟ್ಟಿಯ ಹತ್ತಿರ ಜೂನ್ ತಿಂಗಳಲ್ಲಿ ಮದುವೆಯೂ ಗೊತ್ತಾಗಿತ್ತು. ಗುರುತಿಲ್ಲದವರೆಲ್ಲ ಬಂದು ಕಿಟ್ಟಿಲ್‌ನ ಕೈ ಕುಲುಕಿದರು.

ಕೈ ಕುಲುಕಲು ಬಂದವರಲ್ಲಿ ಬೇಕರಿಯ ಸ್ವೈನುಂಗ್ ಕೂಡ ಇದ್ದ. ಅವನೇ ಆಟಗಾರರ ಸಂಘದ ಮುಖ್ಯಸ್ಥ. “ಮದುವೆ ಹಾಗಿರಲಿ,” ಎಂದು ಕಿವಿಯಲ್ಲಿ ಉಸುರಿದ, “ನಾಣ್ಯ ಇಟ್ಟೆಯಾ?”

“ಇಳಿಸಿದ್ದಾಯ್ತು,” ಎಂದ ಕಿಟ್ಟಿಲ್. ಅದೇನೂ ಸುಳ್ಳಲ್ಲ.

ಅಷ್ಟರಲ್ಲಿ ಅಜ್ಜಿ ಈಗಿನ ಕಾವಲುಗಾರ್ತಿ ಓಸ್ನೆಯನ್ನು ಎಳೆದುಕೊಂಡು ಬಂದಳು. ಓಸ್ನೆಯ ಮಾತು ಕಡಿಮೆ, ತೋಳು ಗಟ್ಟಿ. ಇಲ್ಲಿನ ಕದಗಳನ್ನು ಇಂದಿಗೂ ಕೈಯಿಂದಲೇ ತಿರುಗಿಸಬೇಕು.

“ನೀರು ಇಳಿಸೇ ಇವಳೇ,” ಎಂದಳು ಅಜ್ಜಿ. “ನಾನು ಹೊಸದಾಗಿ ಮದುವೆಯಾದಾಗ ಇಲ್ಲೇ ಉಂಗುರ ಕಳ್ಕೊಂಡೆ. ಆಗ ಹಡಗು ಸಾಲುಗಟ್ಟಿ ನಿಂತಿದ್ವು, ನನ್ನ ಗಂಡನೇ ನೀರಿಳಿಸಲಿಲ್ಲ. ಸಾಯೋವರೆಗೂ ಅದನ್ನೇ ಹೇಳ್ಕೊಂಡು ನೊಂದ. ಈ ಹುಡುಗನ ಗತಿ ಹಾಗಾಗಬಾರದು.”

ಓಸ್ನೆ ನೀರನ್ನೇ ನೋಡುತ್ತ ನಿಂತಳು. “ಉಂಗುರಾನಾ? ನಾನಿದ್ದಲ್ಲಿಗೂ ಕೇಳಿಸ್ತು, ಸದ್ದು ಸ್ವಲ್ಪ ದಪ್ಪಗಿತ್ತಲ್ಲ.”

“ದಪ್ಪ ಉಂಗುರ,” ಎಂದ ಕಿಟ್ಟಿಲ್.

“ಹೇಗೂ ಮುಂದಿನ ವಾರ ಖಾಲಿ ಮಾಡೋದೇ ಇತ್ತು,” ಎಂದು ಅವಳು ಹಿಡಿಕೆಗೆ ಕೈ ಹಾಕಿದಳು.

ಆಮೇಲೆ ನಡೆದದ್ದನ್ನು ಊರು ಇನ್ನೂ ಹೇಳಿಕೊಳ್ಳುತ್ತದೆ. ಗಂಡಸರು ಹೆಂಗಸರು ಸರದಿಯ ಮೇಲೆ ಹಿಡಿಕೆ ತಿರುಗಿಸಿದರು. ಒಂದಾದ ಮೇಲೊಂದು ತೊಟ್ಟಿ ಕೆಳಗಿನದಕ್ಕೆ ನೀರು ಬಿಟ್ಟುಕೊಟ್ಟಿತು. ಪ್ರತಿವರ್ಷ ಮರದ ದಿಮ್ಮಿ ಎತ್ತಿ ಕೈತೊಳೆದುಕೊಳ್ಳುತ್ತಿದ್ದ ಜನ, ಆ ದಿನ ಏಣಿಯಿಳಿದು ಕೆಸರನ್ನು ಅಕ್ಕಿ ಆರಿಸುವ ಹಾಗೆ ಆರಿಸಿದರು. ಕಿಟ್ಟಿಲ್ ಎಲ್ಲರಿಗಿಂತ ಮುಂದೆ ಮಂಡಿಯೂರಿದ್ದ. ಉಂಗುರ ಹುಡುಕುವವರ ಕೈಗೆ ನಾಣ್ಯ ಸಿಗುವ ಮೊದಲು ತನಗೆ ಸಿಗಬೇಕಲ್ಲ. ಮೂಗಿನ ತುದಿಯವರೆಗೂ ಕೆಸರು ಮೆತ್ತಿಕೊಂಡ. ಸಿಕ್ಕಿದ್ದು ಒಂದು ಹಳೇ ಸೌಟು, ಯಾರದೋ ಕನ್ನಡಕ. ಹಾಕಿ ನೋಡಿದರೆ ಅದು ಅವನದೇ.

ಓಸ್ನೆ ಮಾತ್ರ ಬಗ್ಗಲೇ ಇಲ್ಲ. ಕದದ ಕೆಳಗೆ ಒಂದೇ ಕಡೆ, ಉದ್ದನೆಯ ರಬ್ಬರ್ ಬೂಟಿನಲ್ಲಿ ಕಂಬದಂತೆ ನಿಂತು, “ಅಲ್ಲಿ ನೋಡಿ, ಆ ಮೂಲೆ ನೋಡಿ” ಎಂದು ಎಲ್ಲರನ್ನೂ ದೂರ ದೂರಕ್ಕೆ ಕಳಿಸುತ್ತಿದ್ದಳು.

ಆ ಮೂಲೆಯಿಂದಲೇ ಸ್ವೈನುಂಗ್ ಕೂಗಿದ. “ಸಿಕ್ತು.”

ಕಲ್ಲಿನ ಬಿರುಕಿನಿಂದ ಅವನು ಎತ್ತಿದ್ದು ನಿಜವಾಗಿಯೂ ಉಂಗುರ. ಇಡೀ ತೊಟ್ಟಿ ಚಪ್ಪಾಳೆಯಿಂದ ಮೊಳಗಿತು. ಕಿಟ್ಟಿಲ್ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಸ್ವೈನುಂಗ್ ಉಂಗುರವನ್ನು ಒರೆಸಿ ಒಳಗಿನ ಅಕ್ಷರ ಓದಿದ. “ನಿನ್ನ ತೋರ್‌ಲೈವ್.”

ಚಪ್ಪಾಳೆ ನಿಂತಿತು. ತೋರ್‌ಲೈವ್ ಎಂದರೆ ಗುನ್ವೋರಜ್ಜಿಯ ಗಂಡ.

ಅಜ್ಜಿ ಮೇಲಿನಿಂದ ಕೈ ಚಾಚಿದಳು. ಉಂಗುರ ಕೈಯಿಂದ ಕೈಗೆ ಏಣಿ ಹತ್ತಿ ಅವಳನ್ನು ಸೇರಿತು. ಬೆರಳಿನ ಗಂಟು ಅಡ್ಡ ಬಂದು, ಎಂಜಲು ಹಚ್ಚಿ ತಿರುಗಿಸಿ ಹಾಕಿಕೊಂಡಳು. ಬಹಳ ಹೊತ್ತು ಅದನ್ನೇ ನೋಡಿದಳು. ನೋಡುತ್ತಿದ್ದವರಿಗೂ ಕಣ್ಣು ತುಂಬಿ ಬಂತು. ಹೇಳುವ ನನಗೇ ಈಗಲೂ ಬರುತ್ತದೆ.

“ಕಿಟ್ಟಿಲ್,” ಎಂದಳು ಆಮೇಲೆ, “ನಿಜ ಹೇಳು. ನಿನ್ನ ಉಂಗುರ ಅಂತ ಏನಾದ್ರೂ ಇತ್ತೇನೋ?”

“ಇಲ್ಲ ಅಜ್ಜಿ,” ಎಂದ ಕಿಟ್ಟಿಲ್, ಪಾತಾಳದಿಂದ. ಇನ್ನು ನಾಣ್ಯದ ಕತೆ ಬಿಚ್ಚಲೇಬೇಕು ಎಂದು ಬಾಯಿ ತೆರೆದ.

ಓಸ್ನೆ ನಿಂತಲ್ಲಿಂದಲೇ ನಡುವೆ ಬಾಯಿ ಹಾಕಿದಳು. “ಇನ್ನೂ ಅರ್ಥ ಆಗ್ಲಿಲ್ವಾ? ಅಜ್ಜಿಗೋಸ್ಕರ ಅಂದಿದ್ರೆ ನೀವ್ಯಾರಾದ್ರೂ ಕೆಸರಿಗೆ ಇಳೀತಿದ್ರಾ? ಅದಕ್ಕೇ ತನ್ನದು ಅಂತ ಹೇಳಿದಾನೆ, ಪುಣ್ಯಾತ್ಮ.”

ಜನ ಒಂದು ಕ್ಷಣ ತಲೆ ತಗ್ಗಿಸಿದರು. ಮರುಕ್ಷಣ ಕಿಟ್ಟಿಲ್‌ನನ್ನು ಹೆಗಲ ಮೇಲೆ ಹೊತ್ತಿದ್ದರು. ಅವನು ಏಣಿ ಹತ್ತಿದ್ದು ತನ್ನ ಕಾಲಿನಿಂದಲೋ ಬೇರೆಯವರ ಕೈಯಿಂದಲೋ ಅವನಿಗೆ ನೆನಪಿಲ್ಲ. ಯಾರೋ ಬಾವುಟ ತಂದರು. ಹೋಗಲಿದ್ದ ಮಾನ ಉಳಿಯಿತು ಎಂದು ಓಸ್ನೆಯ ಕಡೆ ಕೃತಜ್ಞತೆಯಿಂದ ನೋಡಿದ. ಅವಳು ಆಗ ಮೊದಲ ಸಲ ಬಗ್ಗಿ ಬೂಟು ಸರಿಪಡಿಸಿಕೊಂಡು, “ಬೂಟಿನೊಳಗೆ ಏನೋ ಒತ್ತುತ್ತಿದೆ, ಬದಲಾಯಿಸಿ ಬರ್ತೀನಿ” ಎಂದು ಒಂದು ಕಾಲು ಎಳೆಯುತ್ತ ಹೊರಟಿದ್ದಳು.

ಕಿಟ್ಟಿಲ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಎಲ್ಲರೂ ಕಾಫಿಗೆ ಕೂತಾಗ ಇನ್ನೊಮ್ಮೆ ಇಳಿದರಾಯಿತು. ನಾಣ್ಯ ಎಲ್ಲಿಗೆ ಹೋಗುತ್ತದೆ?

ಅಷ್ಟರಲ್ಲಿ ಅವನ ಫೋನು ಕಿಣಿ ಎಂದಿತು. ಪಕ್ಕದಲ್ಲಿ ಸ್ವೈನುಂಗ್‌ನ ಫೋನೂ ಕಿಣಿ ಎಂದಿತು.

‘ಕಾಲುವೆ ನಾಣ್ಯ. ಮೊದಲ ಕೈ: ನೀರುಹಕ್ಕಿ. ತೊಟ್ಟಿಯ ತಳದಲ್ಲಿ ಸಿಕ್ಕಿತು, ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಚೀಸ್ ಮೆತ್ತಿತ್ತು, ಒರೆಸಿದ್ದೇನೆ.’

ಕಿಟ್ಟಿಲ್ ತಲೆಯೆತ್ತಿದ. ಕದದ ಬಳಿ ಓಸ್ನೆ ಒಣಗಿದ ಬೂಟು ತೊಟ್ಟು, ಸಿಳ್ಳೆ ಹಾಕುತ್ತ ಹಿಡಿಕೆ ತಿರುಗಿಸುತ್ತಿದ್ದಳು. ತೊಟ್ಟಿಗೆ ನೀರು ತುಂಬುತ್ತಿತ್ತು. ಅದು ನನ್ನ ನಾಣ್ಯ ಎಂದು ಕೂಗೋಣವೆಂದರೆ, ಬಿದ್ದದ್ದು ಉಂಗುರ ಎಂದು ಹೇಳಿದವನು ಅವನೇ, ನಿಜ ಹೇಳಿದರೆ ಈಗ ಬಂದ ಮಾನವೂ ಹೋದೀತು.

“ಮತ್ತೆ ಎರಡನೆಯವನಾ ಮಾರಾಯ?” ಎಂದ ಸ್ವೈನುಂಗ್ ಮೆಲ್ಲಗೆ.

“ಯಾರು ಹೇಳಿದ್ದು?” ಗುನ್ವೋರಜ್ಜಿ ವಾಫಲ್ ತಟ್ಟೆಯನ್ನು ಉಂಗುರದ ಕೈಯಿಂದ ಮುಂದೆ ಚಾಚಿದಳು. “ಇವತ್ತು ಊರಿಗೆಲ್ಲ ಇವನೇ ಮೊದಲು. ಹಿಟ್ಟು ಹೊಯ್ದ ಮೊದಲನೇದು ಇವನಿಗೇ.”

ಮೊದಲನೆಯದು ಯಾವತ್ತಿನಂತೆ ಕಬ್ಬಿಣದ ಅಚ್ಚಿಗೆ ಅಂಟಿ ಹರಿದಿತ್ತು. ಒಂದು ಮೂಲೆ ಸೀದಿತ್ತು. ಊರೆಲ್ಲ ಚಪ್ಪಾಳೆ ತಟ್ಟುತ್ತಿರಲು ಕಿಟ್ಟಿಲ್ ಅದನ್ನು ಪೂರ್ತಿ ತಿಂದ.