ನೇರಳೆ ಬಣ್ಣದ ನ್ಯಾಯ

ಬಹಳ ಹಿಂದೆ, ಅಂದರೆ ಯಾರೂ ಈ ಪತ್ರಿಕೆಯ ಮೇಲೆ ಮಾನನಷ್ಟ ಮೊಕದ್ದಮೆ ಹೂಡಲಾಗದಷ್ಟು ಹಿಂದೆ, ಮೇಲುಗಿರಿ ಎಂಬ ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಉದ್ದಂಡವರ್ಮನು ಆಳುತ್ತಿದ್ದನು. ಆಳುವುದೆಂದರೆ ಬೆಳಿಗ್ಗೆ ಒಂದು ಆಜ್ಞೆ ಹೊರಡಿಸುವುದು, ಸಂಜೆ ಅದಕ್ಕೆ ತಿದ್ದುಪಡಿ ತರುವುದು.

ಆ ರಾಜ್ಯದಲ್ಲಿ ಪ್ರತಿ ಫಾಲ್ಗುಣದಲ್ಲಿ ದಿಬ್ಬದ ಓಟ ನಡೆಯುತ್ತಿತ್ತು. ಗೆದ್ದವರ ಊರಿಗೆ ಅರಮನೆಯೇ ಒಂದು ಸೇತುವೆ ಕಟ್ಟಿಸಿಕೊಡಬೇಕೆಂಬುದು ರಾಜನ ಮುತ್ತಾತ ಹಾಕಿದ ಕಟ್ಟಳೆ. ಆತ ಒಮ್ಮೆ ಪ್ರವಾಹಕ್ಕೆ ಸಿಕ್ಕಾಗ ಒಬ್ಬ ಓಟಗಾರ ಹಗ್ಗ ತಂದು ಬದುಕಿಸಿದ್ದನಂತೆ. ಮುತ್ತಾತನಿಗೆ ನೀರಿನ ಭಯ ಗೊತ್ತಿತ್ತು. ಮರಿಮಗನಿಗೆ ಗೊತ್ತಿದ್ದದ್ದು ಹೆಂಡತಿಯ ತಮ್ಮನ ಭಯ. ಆ ಭಾವಮೈದುನ ರಣಕೇಸರಿಯು ಏಳು ವರ್ಷ ಸತತವಾಗಿ ಗೆದ್ದು, ಏಳು ಸೇತುವೆಗಳನ್ನೂ ತನ್ನ ತೋಟದ ತಾವರೆಕೊಳದ ಮೇಲೆ ಕಟ್ಟಿಸಿಕೊಂಡಿದ್ದನು. ಕೊಳದ ಬಾತುಕೋಳಿಗಳು ಬಿಸಿಲು ಕಂಡು ಬಹಳ ದಿನವಾಗಿತ್ತು.

ಗೆಲುವಿನ ಗುಟ್ಟು ಊರಿಗೆಲ್ಲ ಗೊತ್ತು. ರಾಜವೈದ್ಯ ಭಸ್ಮಭೂಷಣ ಪಂಡಿತನು ತಯಾರಿಸುತ್ತಿದ್ದ ವೀರವರ್ಧಿನಿ ಲೇಹ್ಯ. ಒಂದು ಚಮಚ ನೆಕ್ಕಿದರೆ ಕುಂಟನೂ ಕುದುರೆಯಾಗುತ್ತಿದ್ದನು. ಆಮೇಲೆ ಮೂರು ದಿನ ಕೈ ನಡುಗುತ್ತಿತ್ತು, ಹಲ್ಲು ಸಡಿಲವಾಗುತ್ತಿತ್ತು, ಕಾರಣವಿಲ್ಲದೆ ಸಿಟ್ಟು ಬರುತ್ತಿತ್ತು. ಆಸ್ಥಾನದಲ್ಲಿ ಈ ಮೂರೂ ಲಕ್ಷಣಗಳು ಮೊದಲೇ ಇದ್ದುದರಿಂದ ಯಾರೂ ಗಮನಿಸಲಿಲ್ಲ. ಆದರೆ ಏಳನೆಯ ಓಟದಲ್ಲಿ ರಣಕೇಸರಿ ಎರಡು ಚಮಚ ಹೆಚ್ಚಿಗೆ ನೆಕ್ಕಿದನು. ಗೆರೆ ದಾಟಿದ ಮೇಲೂ ನಿಲ್ಲಲಾಗದೆ ನೆರೆರಾಜ್ಯದ ಗಡಿಯೊಳಗೆ ನುಗ್ಗಿದನು. ಅವರು ದಂಡೆತ್ತಿ ಬಂದರು. ಕಡೆಗೆ ಆದ ಸಂಧಿಪತ್ರದಲ್ಲಿ, ಮೇಲುಗಿರಿಯ ಓಟಗಾರರನ್ನು ಇನ್ನು ಮುಂದೆ ಪರೀಕ್ಷಿಸತಕ್ಕದ್ದು ಎಂಬ ಷರತ್ತು ಸೇರಿತು.

ರಾಜನು ಕೂಡಲೇ ನಿಷ್ಕಪಟಾಚಾರ್ಯನನ್ನು ವಂಚನಾ ನಿವಾರಣಾ ಸಚಿವನನ್ನಾಗಿ ನೇಮಿಸಿದನು. ಆಚಾರ್ಯನಿಗೆ ಅನುಭವವಿತ್ತು. ಹಿಂದೆ ಅವನು ಗೃಹವಿಮೆಯ ಖಾತೆ ನೋಡಿಕೊಳ್ಳುವಾಗ, ಸುಳ್ಳು ಅರ್ಜಿಗಳನ್ನು ತಡೆಯಲು, ಮನೆ ಸುಟ್ಟುಹೋಯಿತೆಂದು ಹೇಳುವವರು ಅಧಿಕಾರಿಗಳ ಸಮ್ಮುಖದಲ್ಲಿ ಅದನ್ನು ಇನ್ನೊಮ್ಮೆ ಸುಟ್ಟು ತೋರಿಸಬೇಕೆಂಬ ನಿಯಮ ತಂದಿದ್ದನು. ಒಂದೇ ವರ್ಷದಲ್ಲಿ ವಂಚನೆ ಸೊನ್ನೆಗಿಳಿಯಿತು. ಅರ್ಜಿಗಳೂ ಇಳಿದವು.

"ಝೀರೋ ಟಾಲರೆನ್ಸ್, ಮಹಾಪ್ರಭು," ಎಂದು ಆಚಾರ್ಯ ಕೈಮುಗಿದನು. ಅದು ಯಾವ ದೇವರ ಮಂತ್ರವೆಂದು ತಿಳಿಯದೆ ರಾಜನೂ ಕೈಮುಗಿದನು.

ಪಂಡಿತನು ಒಂದು ಪುಡಿ ಕಂಡುಹಿಡಿದನು. ಓಟಗಾರರ ಮೂತ್ರಕ್ಕೆ ಬೆರೆಸಿದರೆ, ಲೇಹ್ಯ ತಿಂದಿದ್ದರೆ ಅದು ನೇರಳೆಯಾಗುತ್ತಿತ್ತು, ಇಲ್ಲದಿದ್ದರೆ ತಿಳಿಹಳದಿಯಾಗಿಯೇ ಇರುತ್ತಿತ್ತು. ಲೇಹ್ಯ ಮಾಡುವವನೂ ಅದನ್ನು ಪತ್ತೆ ಮಾಡುವವನೂ ಒಬ್ಬನೇ ಆದ್ದರಿಂದ ಇಲಾಖೆಗಳ ನಡುವೆ ಒಳ್ಳೆಯ ಸಮನ್ವಯವಿತ್ತು.

ಮರುವರ್ಷದ ಓಟಕ್ಕೆ ನೂರು ಮಂದಿ ಹೆಸರು ಕೊಟ್ಟರು. ತೊಂಬತ್ತೊಂಬತ್ತು ಜನ ರಣಕೇಸರಿ ಮತ್ತು ಅರಮನೆಯ ಗರಡಿಯವರು. ನೂರನೆಯವಳು ಕೆಂಪುಹಳ್ಳದ ಆಚೆ ದಂಡೆಯ ಬರಮವ್ವ. ಹಾಲು ಒಡೆಯುವುದರೊಳಗೆ ಪೇಟೆ ಮುಟ್ಟಬೇಕಾದ ಕಸುಬಿನಿಂದಾಗಿ, ತಲೆಯ ಮೇಲೆ ಕೊಡ ಹೊತ್ತು ಇಪ್ಪತ್ತು ವರ್ಷದಿಂದ ಓಡುತ್ತಲೇ ಬಂದವಳು. ಹಿಂದಿನ ಆಷಾಢದಲ್ಲಿ ಅವಳ ಅಕ್ಕನಿಗೆ ಹೆರಿಗೆನೋವು ಬಂದಾಗ ಹಳ್ಳ ತುಂಬಿತ್ತು. ಸೂಲಗಿತ್ತಿ ಈಚೆ ದಂಡೆಯಲ್ಲಿ, ಅಕ್ಕ ಆಚೆ ದಂಡೆಯಲ್ಲಿ. ನೀರು ಇಳಿಯುವಷ್ಟರಲ್ಲಿ ಅಕ್ಕ ಇರಲಿಲ್ಲ. ಈಗ ತಮ್ಮನ ಹೆಂಡತಿ ನೀಲವ್ವನಿಗೆ ಐದು ತಿಂಗಳು.

"ಗೆದ್ದ್ರ ಸೇತುವಿ ಕೊಡ್ತಾರಂತ. ಹೆಂಗೂ ದಿನಾ ಓಡೂದ ಐತಿ, ಒಂದಿನ ಕೊಡ ಇಳಿಸಿ ಓಡ್ತೀನಿ," ಎಂದು ಬರಮವ್ವ ಮನೆಯಲ್ಲಿ ಹೇಳಿ ಬಂದಿದ್ದಳು.

ಓಟ ಶುರುವಾಯಿತು. ತೊಂಬತ್ತೊಂಬತ್ತು ಮಂದಿ ಬಾಣದಂತೆ ಹೋದರು. ದಿಬ್ಬದ ನಡುವೆ ಒಬ್ಬನ ಮೊಣಕೈ ಇನ್ನೊಬ್ಬನಿಗೆ ತಾಗಿತು. ಎಲ್ಲರೂ ಲೇಹ್ಯ ತಿಂದವರೇ; ಎಲ್ಲರಿಗೂ ಒಟ್ಟಿಗೆ ಸಿಟ್ಟು ಬಂತು. ಅವರು ಪರಸ್ಪರ ಸಡಿಲವಾದ ಹಲ್ಲುಗಳನ್ನು ಉದುರಿಸಿಕೊಳ್ಳುತ್ತಿದ್ದಾಗ ಬರಮವ್ವ ಬದಿಯಲ್ಲಿ ಹಾದು, ಸೆರಗು ಸರಿಮಾಡಿಕೊಂಡು, ಗೆರೆ ದಾಟಿದಳು. ಬಹಳ ಹೊತ್ತಿನ ನಂತರ ರಣಕೇಸರಿ ಕುಂಟುತ್ತ ಬಂದು ಎರಡನೆಯವನಾದನು.

ಸ್ಯಾಂಪಲ್‌ಗಳು ಸಭೆಗೆ ಬಂದವು. ರಾಜನು ತಾಮ್ರದ ಬಟ್ಟಲುಗಳ ಸಾಲನ್ನು ನೋಡಿ ಮೂಗು ಮುಚ್ಚಿಕೊಂಡನು.

"ಆಚಾರ್ಯರೇ, ಇಷ್ಟೊಂದು ನೇರಳೆ ಯಾಕೆ?"

ಆಚಾರ್ಯನು ಬಟ್ಟಲುಗಳನ್ನು ನೋಡಿದನು, ರಣಕೇಸರಿಯನ್ನು ನೋಡಿದನು, ತನ್ನ ಪೀಠವನ್ನೂ ನೋಡಿಕೊಂಡನು. "ಮಹಾಪ್ರಭು, ಯಾವುದು ತಪ್ಪು ಎನ್ನುವ ಮೊದಲು ಯಾವುದು ಸಹಜ ಎಂದು ತೀರ್ಮಾನಿಸಬೇಕು. ಅದೇ ಪ್ರೋಟೋಕಾಲ್. ಡೇಟಾ ಕಣ್ಣೆದುರಿಗಿದೆ. ನೂರರಲ್ಲಿ ತೊಂಬತ್ತೊಂಬತ್ತು ನೇರಳೆ."

"ಬಹುಮತ."

"ಪ್ರಚಂಡ ಬಹುಮತ, ಪ್ರಭು. ಆದ್ದರಿಂದ ಮನುಷ್ಯನ ಸಹಜ ಬಣ್ಣ ನೇರಳೆ. ಈ ಒಂದು ಮಾತ್ರ ಹಳದಿ. ಇವಳು ಏನನ್ನೋ ತಿಂದಿದ್ದಾಳೆ."

ರಾಜನು ಬರಮವ್ವನ ಕಡೆಗೆ ತಿರುಗಿದನು. "ಓಟಕ್ಕೆ ಮುನ್ನ ನೀನು ಏನು ಸೇವಿಸಿದೆ?"

"ಎರಡು ಜೋಳದ ರೊಟ್ಟಿ, ಪುಂಡಿಪಲ್ಲೆ, ಒಂದು ಉಳ್ಳಾಗಡ್ಡಿರೀ."

"ತಪ್ಪೊಪ್ಪಿಗೆ," ಎಂದು ಆಚಾರ್ಯ ಬರೆಸಿದನು. ನಿಷೇಧಿತ ಪದಾರ್ಥಗಳ ಪಟ್ಟಿಯಲ್ಲಿ ಅಂದೇ ಉಳ್ಳಾಗಡ್ಡಿ ಮೊದಲ ಸ್ಥಾನ ಪಡೆಯಿತು.

"ಅವರು ಲೇಹ್ಯ ತಿಂದಾರ್ರೀ. ಬೇಕಾದ್ರ ಪಂಡಿತರನ್ನ ಕೇಳ್ರಿ, ಮಾಡಿಕೊಟ್ಟವರ ಅವರು."

ಪಂಡಿತನು ತನ್ನ ಕಾಲಿನ ಹೆಬ್ಬೆರಳನ್ನು ನೋಡುತ್ತ, "ಅದು ಪೌಷ್ಟಿಕ ಆಹಾರ," ಎಂದನು.

ಬರಮವ್ವ ಮೆಲ್ಲಗೆ, "ನನಗ ಗೆದ್ದ ಹೆಸರ ಬ್ಯಾಡ್ರೀ. ಕಳ್ಳಿ ಅಂತ ಬರ್ಕೋರಿ. ಹಳ್ಳಕ್ಕ ದಾಟಾಕ ನಾಕು ಕಲ್ಲರ ಹಾಕ್ಸ್ರಿ. ಆಷಾಢಕ್ಕ ನೀಲವ್ವಗ ದಿನ ತುಂಬತಾವ," ಎಂದಳು.

ರಾಜನ ಕಣ್ಣಲ್ಲಿ ನೀರು ಬಂತು. ಇದು ಉತ್ಪ್ರೇಕ್ಷೆಯಲ್ಲ, ಅವನು ಕೆಟ್ಟವನಾಗಿರಲಿಲ್ಲ. ಆದರೆ ಕಣ್ಣೀರು ಬಂದಾಗಲೆಲ್ಲ ಒಂದು ಸಮಿತಿ ರಚಿಸುವುದು ಆ ಮನೆತನದ ಪದ್ಧತಿ. ಸಮಿತಿಯ ಅಧ್ಯಕ್ಷ ನಿಷ್ಕಪಟಾಚಾರ್ಯ, ಸದಸ್ಯ ರಣಕೇಸರಿ. ಅದು ಎಂಟನೆಯ ಸೇತುವೆಯನ್ನೂ ತಾವರೆಕೊಳಕ್ಕೆ ಶಿಫಾರಸು ಮಾಡಿತು. ಮುಂದುವರಿದು, ಪ್ರಜೆಗಳಲ್ಲಿ ಇನ್ನೆಷ್ಟು ಮಂದಿ ಹಳದಿಯವರು ಅಡಗಿದ್ದಾರೋ ಎಂದು ಕಳವಳ ವ್ಯಕ್ತಪಡಿಸಿ, ಎಲ್ಲರೂ ದಿನವೂ ಬೆಳಿಗ್ಗೆ ನ್ಯಾಯಬೆಲೆ ಅಂಗಡಿಯಲ್ಲಿ ಒಂದು ಚಮಚ ವೀರವರ್ಧಿನಿ ಸೇವಿಸಿ ಸಹಜರಾಗತಕ್ಕದ್ದು ಎಂದು ಆಜ್ಞೆಯ ಕರಡನ್ನೂ ಬರೆದುಕೊಟ್ಟಿತು. ಆ ಆಜ್ಞೆಗೆ ಮಾತ್ರ ಸಂಜೆ ತಿದ್ದುಪಡಿ ಬರಲಿಲ್ಲ.

ಹಾಗೆ ಮೇಲುಗಿರಿಯ ಜನರೆಲ್ಲ ನೇರಳೆಯಾದರು. ಕುಂಬಾರನ ಗಡಿಗೆ ಸೊಟ್ಟಗಾಯಿತು. ಕ್ಷೌರಕ್ಕೆ ಹೋಗುವವರು ಮನೆಯಲ್ಲಿ ಉಯಿಲು ಬರೆದಿಟ್ಟು ಹೋಗತೊಡಗಿದರು. ಶಾಲೆಯ ಮಕ್ಕಳಿಗೆ ಹಾಲುಹಲ್ಲಿನ ಜೊತೆಗೆ ಹೊಸದಾಗಿ ಬಂದ ಹಲ್ಲುಗಳೂ ಬಿದ್ದವು. ವಂಚನೆ ಸಂಪೂರ್ಣ ನಿರ್ಮೂಲವಾಗಿದೆ ಎಂದು ಪ್ರೆಸ್‌ನೋಟ್ ಬಂತು. ನನಗೆ ಇಲ್ಲಿ ಸಿಟ್ಟು ಬರುತ್ತದೆ, ಲೇಹ್ಯ ತಿನ್ನದೆಯೇ ಬರುತ್ತದೆ. ಏಕೆಂದರೆ ಕೆಂಪುಹಳ್ಳದ ಈಚೆ ದಂಡೆಯಲ್ಲಿ, ಆಚೆಯಿಂದ ಹಳದಿ ನುಸುಳದಂತೆ, ತಾವರೆಕೊಳದ ಸೇತುವೆ ಕಟ್ಟಿದ ಶಿಲ್ಪಿಗಳಿಂದಲೇ ಹದಿನಾರು ಕಂಬದ ಒಂದು ತಪಾಸಣಾ ಮಂಟಪ ಕಟ್ಟಿಸಿದರು. ಆ ಕಲ್ಲಿನಲ್ಲಿ ಎರಡು ಸೇತುವೆ ಆಗುತ್ತಿತ್ತು.

ಆಷಾಢ ಬಂತು. ರಾಜಧಾನಿಯಲ್ಲಿ ಎಂಟನೆಯ ಸೇತುವೆಯ ಉದ್ಘಾಟನೆಯಾಗಿ, ನಿಷ್ಕಪಟಾಚಾರ್ಯನಿಗೆ ಸತ್ಯಸಾಮ್ರಾಟ ಎಂಬ ಬಿರುದೂ ರತ್ನದ ಕಿರೀಟವೂ ಸಂದವು. ತೊಡಿಸುವಾಗ ರಾಜನ ಕೈ ನಡುಗಿ ಕಿರೀಟ ಎರಡು ಸಲ ಕೆಳಗೆ ಬಿತ್ತು. ಸಭೆ ಮೂರು ಸಲ ಚಪ್ಪಾಳೆ ತಟ್ಟಿತು.

ಅದೇ ದಿನ ಬರಮವ್ವನೂ ಅವಳ ತಮ್ಮನೂ ನೆರೆಯ ಇಬ್ಬರೂ ನೀಲವ್ವನನ್ನು ಹೊರಸಿನ ಮೇಲೆ ಮಲಗಿಸಿ, ಎದೆಮಟ್ಟದ ನೀರಿನಲ್ಲಿ ತಲೆಯ ಮೇಲೆ ಹೊತ್ತು ದಾಟಿ ಬಂದರು. ಮಂಟಪದ ಅಧಿಕಾರಿ ಕೈಯಡ್ಡ ಹಿಡಿದನು.

"ಮೊದ್ಲ ಸ್ಯಾಂಪಲ್."

"ಸೂಲಗಿತ್ತೀನ ಕರೀರಿ ಮೊದ್ಲ," ಎಂದಳು ಬರಮವ್ವ.

"ಆಕೀ ಬಂದಾಳವ್ವ. ಆ ಕಡೆ ಬಾಗ್ಲಾಗ ಸಾಲಿನಾಗ ನಿಂತಾಳ. ಆಕೀದೂ ಸ್ಯಾಂಪಲ್ ಆಗಬೇಕಲ್ಲ."

ಸಾಲು ಉದ್ದವಿತ್ತು. ಕೂಸಿಗೆ ಸಾಲಿನ ಶಿಸ್ತು ಗೊತ್ತಿರಲಿಲ್ಲ. ಬರಮವ್ವ ಮಂಟಪದ ಮೆಟ್ಟಿಲ ಮೇಲೆ ಸೀರೆ ಅಡ್ಡ ಹಿಡಿಸಿ ತಾನೇ ಹೆರಿಗೆ ಮಾಡಿಸಿದಳು. ನಡುಗುವ ಕೈಯಿಂದ ಹೇಗೆ ಮಾಡಿಸಿದಳೋ ಅವಳಿಗೇ ಗೊತ್ತಿಲ್ಲ. ಯಾರ ಪುಣ್ಯವೋ, ನೀಲವ್ವ ಉಳಿದಳು. ಹೆಣ್ಣುಕೂಸು ಹುಟ್ಟಿದ ಕೂಡಲೇ ಅಧಿಕಾರಿಯ ಪಂಚೆಯನ್ನು ಒದ್ದೆ ಮಾಡಿತು. ಅವನು ನಿಯಮದಂತೆ ಒಂದು ಹನಿ ಹಿಂಡಿಕೊಂಡು ಪುಡಿ ಬೆರೆಸಿದನು.

ಹಳದಿ. ಹೊಟ್ಟೆಯಲ್ಲಿ ಕೂಸಿದೆಯೆಂದು ನೀಲವ್ವ ನಾಲ್ಕು ತಿಂಗಳೂ ಲೇಹ್ಯವನ್ನು ಬಾಯಲ್ಲಿಟ್ಟುಕೊಂಡು ಬಂದು ಹಳ್ಳಕ್ಕೆ ಉಗುಳುತ್ತಿದ್ದಳು.

ಅಧಿಕಾರಿ ಭರಣಿಯ ಮುಚ್ಚಳ ತೆಗೆದು ಕಿರುಬೆರಳನ್ನು ಲೇಹ್ಯಕ್ಕೆ ಅದ್ದಿದನು.

"ಕೂಸಿನ ನಾಲಿಗಿಗೆ ಮೊದ್ಲ ಜೇನು ಇಡ್ತಾರ್ರೀ," ಎಂದಳು ಬರಮವ್ವ.

"ಗೊತ್ತೈತಿ ಬೇ. ನಮ್ಮ ಮನ್ಯಾಗೂ ಹಂಗ ಇತ್ತು," ಎಂದು ಅವನು ಬೆರಳನ್ನು ಕೂಸಿನ ಬಾಯಿಗೆ ಇಟ್ಟನು.

ಸ್ವಲ್ಪ ಹೊತ್ತಿಗೆ ಕೂಸಿನ ಮುಷ್ಟಿ ಸಣ್ಣಗೆ ನಡುಗತೊಡಗಿತು. ಅಧಿಕಾರಿ ಜನನಪತ್ರದ ಮೇಲೆ 'ಸಹಜ' ಎಂದು ಬರೆದು ಮುದ್ರೆ ಒತ್ತಿದನು.