ಬಿದರೆಕಟ್ಟೆ ಜಂಕ್ಷನ್ನಿನ ಟವೆಲ್ ಕಾಳಗ

ದ್ವಾಪರ ಮುಗಿದು, ಕಲಿ ನೆಲೆನಿಂತು, ಹೊಗೆಯ ಗಾಡಿ ಹೋಗಿ ಕರೆಂಟಿನ ಗಾಡಿ ಬಂದ ಈ ಯುಗದಲ್ಲಿ, ಎರಡು ರೈಲುದಾರಿಗಳ ಪುಣ್ಯಸಂಗಮವಾದ ಬಿದರೆಕಟ್ಟೆ ಎಂಬ ಹಳ್ಳಿಯ ಜಂಕ್ಷನ್ನಿನಲ್ಲಿ ಮೆರೆದ, ಸೀಸನ್‌ಪಾಸ್‌ಧಾರಿಕುಲತಿಲಕನೂ ಕಿಟಕಿಪಾರ್ಶ್ವಪೀಠಾಧೀಶನೂ ಸಬ್‌ರಿಜಿಸ್ಟ್ರಾರ್ ಕಚೇರಿಯ ಅಟೆಂಡರನೂ ಆದ ಚನ್ನಿಗರಾಯಪ್ಪನ ಕೀರ್ತಿಯನ್ನು ಹಾಡಲು ಹೊರಟಿದ್ದೇನೆ. ವಾಗ್ದೇವಿಯೇ, ನನ್ನ ನಾಲಗೆಯ ಮೇಲೆ ಬಂದು ನಿಲ್ಲು, ಕೂರಲು ಜಾಗವಿಲ್ಲ.

ಆ ನೆಲದ ಧರ್ಮ ಹೀಗಿತ್ತು: ಗಾಡಿ ನಿಲ್ಲುತ್ತಿದ್ದಂತೆ ಕಿಟಕಿಯೊಳಗೆ ಮೊದಲು ಟವೆಲ್ ಹಾಕಿದವನದೇ ಸೀಟು. ಹಾಕಿದ ಮೇಲೆ ಆತ ನಿಶ್ಚಿಂತನಾಗಿ ಹೋಗಿ ಟೀ ಕುಡಿಯಬಹುದು. ಏಕೆಂದರೆ ಇನ್ನೊಂದು ಮಾರ್ಗದ ಗಾಡಿ ಬಂದು ಸೇರುವವರೆಗೆ ಎಂಟೂ ಇಪ್ಪತ್ತರ ಪ್ಯಾಸೆಂಜರ್ ಕದಲುವಂತಿಲ್ಲ; ಆ ಇನ್ನೊಂದು ಗಾಡಿ ಹೊತ್ತಿಗೆ ಸರಿಯಾಗಿ ಬಂದದ್ದನ್ನು ಕಂಡವರೂ ಇಲ್ಲ. ಈ ಧರ್ಮವನ್ನು ಮೂವತ್ತೊಂದು ವರ್ಷ ಎತ್ತಿಹಿಡಿದ ಚನ್ನಿಗರಾಯಪ್ಪ, ಪರರ ಟವೆಲ್ ಸರಿಸಿ ಕೂತ ಎಷ್ಟೋ ಉದ್ಧಟರನ್ನು ಎಬ್ಬಿಸಿ ನಿಲ್ಲಿಸಿದ್ದ.

ಅಂದು ಅವನ ನೌಕರಿಯ ಕೊನೆಯ ದಿನ. ಕಚೇರಿಯಲ್ಲಿ ಹಾರ, ಶಾಲು, ಖಾರಾಬೂಂದಿ ಕಾದಿದ್ದವು. ಅವನಿಗೆ ಅವು ಯಾವುವೂ ಬೇಕಿರಲಿಲ್ಲ. ಮೂರನೆಯ ಬೋಗಿಯ ತನ್ನ ಕಿಟಕಿ ಪಕ್ಕದಲ್ಲಿ ಕೊನೆಯ ಸಲ ಕೂತು ಹೋಗಬೇಕೆಂಬುದೊಂದೇ ಆಸೆ.

ಗಾಡಿ ಘೀಳಿಡುತ್ತ ಬಂತು. ಸಹಸ್ರಸಮರವಿಜಯಿಯೂ ಮಧ್ಯಭಾಗದಲ್ಲಿ ತೂತುಬಿದ್ದುದೂ ಆದ ಕೆಂಪುಗೆರೆಯ ಟವೆಲ್ಲನ್ನು ಚನ್ನಿಗರಾಯಪ್ಪ ಕಿಟಕಿಯ ಸರಳುಗಳ ನಡುವೆ ಪ್ರಯೋಗಿಸಿದ. ಅದೇ ಕ್ಷಣದಲ್ಲಿ, ತಲೆಹೊರೆಯ ಕೆಳಗೆ ಇಡುವ ಬಟ್ಟೆಯ ಸಿಂಬೆಯೊಂದು ಪಕ್ಕದ ಸಂದಿಯಿಂದ ನುಗ್ಗಿ ಅದೇ ಸೀಟಿನ ಮೇಲೆ ಬಿತ್ತು. ಎಸೆದವಳು, ಹರಿವೆಮೆಂತ್ಯಸಬ್ಬಸಿಗಾದಿಸಕಲಶಾಕಭಾರವಾಹಿನಿಯಾದ ಸೊಪ್ಪಿನ ಪುಟ್ಟಸಿದ್ದಮ್ಮ. ಎರಡು ತಿಂಗಳಿಂದ ಆಕೆ ಆ ಸೀಟಿನ ಮೇಲೆ ಕಣ್ಣಿಟ್ಟಿದ್ದಳು.

ಪ್ರಳಯಕಾಲದ ಮೇಘದಂತೆ ಗುಡುಗುವ ಭಂಗಿಯಲ್ಲಿ ನಿಂತು ನಮ್ಮ ವೀರನು ಆಡಿದ ಮಾತು ಇದು:

"ಏನಮ್ಮ, ಕಣ್ ಕಾಣ್ಸಲ್ವಾ? ಟೀಟಿ ಬಂದ್ರೂ ಆ ಸೀಟ್ ಬಿಟ್ಟು ಎದ್ದೋನಲ್ಲ ನಾನು. ಇವತ್ತು ನಿನ್ ಸಿಂಬೆಗೆ ಹೆದ್ರುತೀನಾ?"

ಪುಟ್ಟಸಿದ್ದಮ್ಮ ಬುಟ್ಟಿ ಇಳಿಸಿ ಸೆರಗು ಸಿಕ್ಕಿಸಿದಳು. "ನೀವು ಹೋಗಿ ಕುರ್ಚಿ ಮ್ಯಾಲೆ ಕೂರೋರು ರಾಯಪ್ನೋರೆ. ನಾನು ಸಂಜೆಗಂಟ ಬೀದಿ ಬೀದಿ ತಿರುಗೋಳು. ನನ್ ಕಾಲ್ಗೆ ಸಿಗೋ ಪುರುಸೊತ್ತು ಆ ಒಂದ್ ಗಂಟೇನೇಯ."

ಮೊದಲು ಬಿದ್ದದ್ದು ಟವೆಲ್ಲೋ ಸಿಂಬೆಯೋ? ನ್ಯಾಯಕ್ಕಾಗಿ ಇಬ್ಬರೂ ಪ್ಲಾಟ್‌ಫಾರಂ ತುದಿಯ ಟೀ ಅಂಗಡಿಗೆ ದಂಡೆತ್ತಿ ಹೋದರು. ಸರ್ವಸಾಕ್ಷಿಯಾದ ಹಬೀಬ್ ಸಾಬರು ಟೀ ಸೋಸುತ್ತಲೇ ತೀರ್ಪಿತ್ತರು: "ಎರಡೂ ಒಟ್ಗೇ ಬಿದ್ವು. ಮದ್ಲು ಟೀ ಕುಡೀರಿ, ಗಾಡಿ ಎಲ್ಲೂ ಹೋಗಲ್ಲ."

ಒಂದು ಗುಟುಕು ಕುಡಿದದ್ದೇ ಚನ್ನಿಗರಾಯಪ್ಪನ ದನಿ ಇಳಿಯಿತು. "ಇವತ್ತು ಕಡೇ ದಿನ ಕಣಮ್ಮ ನನ್ದು. ನಾಳೆಯಿಂದ ಬರಲ್ಲ."

"ಅಯ್ಯೋ, ಮದ್ಲೇ ಹೇಳ್ಬಾರ್ದಾ? ಹೋಗಿ, ನೀವೇ ಕೂತ್ಕಳಿ. ನಾಳೆಯಿಂದ ನಾ ಕೂರ್ತೀನಿ."

ಹೀಗೆ ಸಂಧಿ ಏರ್ಪಟ್ಟಿತು. ಆದರೆ ವಿಧಿಯ ಆಟವನ್ನು ಏನೆಂದು ವರ್ಣಿಸಲಿ! ಮಾತಿನ ಭರದಲ್ಲಿ ಅವರು ಬೆನ್ನು ಹಾಕಿ ನಿಂತಿದ್ದಾಗ ಇನ್ನೊಂದು ಮಾರ್ಗದ ಗಾಡಿ, ಅಭೂತಪೂರ್ವವಾಗಿ, ಹೊತ್ತಿಗೆ ಸರಿಯಾಗಿ ಬಂದುಬಿಟ್ಟಿತ್ತು. ಅವರು ತಿರುಗುವಷ್ಟರಲ್ಲಿ ಎಂಟೂ ಇಪ್ಪತ್ತರ ಪ್ಯಾಸೆಂಜರ್ ಹೊರಟಿತ್ತು. ಮೂರನೆಯ ಬೋಗಿ ಅವರ ಕಣ್ಣೆದುರೇ ಸಾಗಿತು. ಒಳಗೆ ಉಸಿರಾಡಲೂ ಜಾಗವಿಲ್ಲದಂತೆ ಜನ ನಿಂತಿದ್ದರು. ಕಿಟಕಿ ಪಕ್ಕದಲ್ಲಿ ಟವೆಲ್ಲೂ ಸಿಂಬೆಯೂ ಆರಾಮಾಗಿ ಕೂತು ಹೋಗುತ್ತಿದ್ದವು. ಒಬ್ಬನೂ ಅವನ್ನು ಮುಟ್ಟಿರಲಿಲ್ಲ. ಚನ್ನಿಗರಾಯಪ್ಪನ ಕಣ್ಣು ತುಂಬಿತು. ಸೀಟು ಹೋದ ಸಂಕಟವೋ, ಧರ್ಮ ಉಳಿದ ಹೆಮ್ಮೆಯೋ, ಅವನಿಗೇ ತಿಳಿಯಲಿಲ್ಲ.

ಮುಂದಿನ ಗಾಡಿ ಒಂಬತ್ತೂ ಐವತ್ತಕ್ಕೆ. ಎಸೆಯಲು ಆಯುಧವಿಲ್ಲದೆ ಇಬ್ಬರೂ ನೂಕಿಕೊಂಡು ಮೂರನೆಯ ಬೋಗಿ ಹತ್ತಿದರು. ಆಶ್ಚರ್ಯ! ಅದೇ ಜಾಗದ ಕಿಟಕಿ ಸೀಟು ಖಾಲಿಯಿತ್ತು. ಅದರ ಮೇಲೆ ಅಂಗೈಯಗಲದ ಒಂದು ಕರ್ಚೀಫು ಮಾತ್ರ ಬಿದ್ದಿತ್ತು.

"ತೆಗ್ದು ಆಕಡೆ ಇಕ್ಕಿ ಕೂತ್ಕಳಿ, ಯಾರ್ ಕೇಳ್ತಾರೆ?" ಎಂದಳು ಪುಟ್ಟಸಿದ್ದಮ್ಮ.

ಚನ್ನಿಗರಾಯಪ್ಪ ಕೈ ಚಾಚಿದ. ಆಮೇಲೆ ಹಿಂದೆಗೆದುಕೊಂಡ.

"ಬ್ಯಾಡಮ್ಮ. ಕರ್ಚೀಫ್ ಹಾಕವ್ರೆ."

ಕರ್ಚೀಫಿನವರು ಕೊನೆಗೂ ಬರಲಿಲ್ಲ. ಸೀಟು ಖಾಲಿಯಾಗಿಯೇ ಪೇಟೆ ತಲುಪಿತು. ಚನ್ನಿಗರಾಯಪ್ಪ ಅದರ ಪಕ್ಕದಲ್ಲಿ ಕಂಬಿ ಹಿಡಿದು ನಿಂತೇ ಹೋದ.