ಮಾವನ ಕವಿತೆಯೊಳಗಿನ ಖಾಲಿ ಜಾಗ

ನನ್ನ ಸೋದರಮಾವ ಕವಿತೆ ಓದಲು ಎದ್ದರೆ ಸಭಿಕರಿಗೆ ಮೊದಲು ನೆನಪಾಗುತ್ತಿದ್ದದ್ದು ಚಪ್ಪಲಿ. ಎಸೆಯುವುದಕ್ಕಲ್ಲ, ತಪ್ಪು ತಿಳಿಯಬೇಡಿ! ಮೆಟ್ಟಿಕೊಂಡು ಮನೆಗೆ ಹೋಗುವುದಕ್ಕೆ. ಅವನ ಕವಿತೆ ಮುಗಿಯಿತೋ ಇಲ್ಲವೋ ಎಂಬುದು ಬಾಗೇವಾಡಿಯಿಂದ ಇಂಡಿ ಪಟ್ಟಣದವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅರ್ಧ ಕವಿತೆ ಮಾತು, ಇನ್ನರ್ಧ ಸುಮ್ಮನೆ ನಿಲ್ಲುವುದು!

ಬಸವನ ಬಾಗೇವಾಡಿಯ ಹತ್ತಿರದ ಹಳ್ಳಿಯಲ್ಲಿ ಅವನದು ಒಕ್ಕಲುತನ. ನಡುವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋದವು. ಕಿವಿ ಹೋದವರು ಮೂಲೆ ಹಿಡಿಯುತ್ತಾರೆ ಎನ್ನುತ್ತಾರಲ್ಲ? ಇವನು ವೇದಿಕೆ ಹತ್ತಿದ! ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಕವಿಗಳಿಗೇನೂ ಬರವಿರಲಿಲ್ಲ. ಆದರೆ ಕೂಗುವ, ಕುಣಿಯುವ, ಹಕ್ಕಿಯಂತೆ ಕುಕ್ಕರುಗಾಲಲ್ಲಿ ಕೂಡುವ ಕವಿ ಇವನೊಬ್ಬನೇ. ಸಂಘಟಕರು ಬೇಡ ಎನ್ನುತ್ತಿದ್ದರಂತೆ. ಎಂದರೇನು, ಅವನಿಗೆ ಕೇಳಿಸಬೇಕಲ್ಲ!

ಅವನ ಕವಿತೆಯ ಧಾಟಿ ಎಳ್ಳಮಾವಾಸ್ಯೆಯ ಚರಗದ್ದು. ಅಂದು, ಬೆಳೆದು ನಿಂತ ಜೋಳದ ಹೊಲದಲ್ಲಿ ಮುಂದಿನವನು ಭೂಮಿತಾಯಿಗೆ ಅಡಿಗೆಯ ಎಡೆ ಚೆಲ್ಲುತ್ತ ‘ಹುಲ್ಲುಲ್ಲಿಗೋ’ ಎಂದು ಕೂಗಬೇಕು, ಹಿಂದೆ ನೀರು ಚಿಮುಕಿಸುತ್ತ ಬರುವವರು ‘ಚಲ್ಲಂಬರಿಗೋ’ ಎಂದು ಓಗೊಡಬೇಕು. ಮಾವನೂ ಹಾಗೆಯೇ ಕೂಗುತ್ತಿದ್ದ: ‘ದನ ಮೇಯೂ ಗಾಯರಾಣ ಉತ್ತೀರಿ, ಹುಲ್ಲು ಎಲ್ಲೈತೋ? ಹೈಬ್ರಿಡ್ ಬಿತ್ತೀರಿ, ವಿಷದ ಎಣ್ಣಿ ಹೊಡದೀರಿ, ಕೌಜುಗ ಎಲ್ಲೈತೋ?’ ಕೂಗಿ, ಕಿವಿಗೆ ಕೈ ಹಚ್ಚಿ ನಿಂತುಬಿಡುತ್ತಿದ್ದ. ಆ ಖಾಲಿ ಜಾಗ ಕೌಜುಗ ಹಕ್ಕಿಯದು. ಅದೇ ಓಗೊಡಬೇಕು. ಓಗೊಡದಿದ್ದರೆ ಆ ಮೌನವೇ ಮುಂದಿನ ಸಾಲು.

ಆದರೆ ನಮ್ಮ ಜನ ಸುಮ್ಮನಿದ್ದಾರೆಯೇ? ಸಿಂದಗಿಯಲ್ಲಿ ಅವನು ಕೂಗಿ ನಿಂತದ್ದೇ ತಡ, ಹುಟ್ಟಿದಾಗಿನಿಂದ ಚರಗ ಚೆಲ್ಲಿದ ಸಭೆಯೆಲ್ಲ ಒಂದೇ ದನಿಯಲ್ಲಿ ‘ಚಲ್ಲಂಬರಿಗೋ!’ ಎಂದಿತು. ಮಾವನಿಗೆ ತೆರೆದ ಬಾಯಿಗಳಷ್ಟೇ ಕಂಡವು. “ನೋಡಿದ್ಯಾ? ನನ್ನ ಕವಿತಾ ಕೇಳಿ ಎಲ್ಲಾರೂ ಬಾಯಿ ತಗದ್ರು!” ಎಂದು ಬಸ್ಸಿನ ತುಂಬ ಹೇಳಿಕೊಂಡು ಬಂದ.

ಇಂಡಿಯಲ್ಲಿ ನಡೆದದ್ದು ಇನ್ನೂ ಚಂದ. ಇವನು ನಿಂತದ್ದು ನೋಡಿ ಮೈಕಿನವನು, ಮುಗಿಯಿತೆಂದು ಮೈಕ್ ಬಿಚ್ಚಿಕೊಂಡು ಹೋದ. ಜನವೂ ಹೋದರು. ಜಮಖಾನೆ ಸುತ್ತುತ್ತ ಬಂದವನು ಮಾವನ ಪಾದದ ಹತ್ತಿರ ಬಗ್ಗಿ, “ಯಜಮಾನ್ರ, ಸ್ವಲ್ಪ ಕಾಲು ಎತ್ರಿ” ಎಂದ. ಮಾವ ಅವನ ತಲೆಯ ಮೇಲೆ ಕೈಯಿಟ್ಟು, “ನೂರು ವರ್ಷ ಬಾಳಪಾ!” ಎಂದು ಹರಸಿದ!

ಮುದ್ದೇಬಿಹಾಳದಲ್ಲಿ ಮಾತ್ರ ನಗು ಬೇರೆ ಥರದ್ದಾಯಿತು. ಮುಂದಿನ ಸಾಲಿನಲ್ಲಿದ್ದ ಒಬ್ಬ ಎದ್ದು ನಿಂತು, “ಕಿವುಡಗ ಹಕ್ಕಿ ಕೇಳವಲ್ದು ಅಂದ್ರ ಅದು ಹಕ್ಕಿ ತಪ್ಪೋ, ಕಿವಿ ತಪ್ಪೋ?” ಎಂದ. ಸಭೆ ಬಿದ್ದು ಬಿದ್ದು ನಕ್ಕಿತು. ಏನಂದ ಎಂದು ಮಾವ, ಜೊತೆಗೆ ಬಂದಿದ್ದ ಅತ್ತೆಯನ್ನು ಕಣ್ಣಲ್ಲೇ ಕೇಳಿದ. ಅತ್ತೆ ತನ್ನ ಕಿವಿ ಮುಟ್ಟಿ ತೋರಿಸಿದಳು. ಊರು ಮುಟ್ಟುವವರೆಗೂ ಅವನು ಬಸ್ಸಿನ ಕಿಟಕಿಯಾಚೆಯ ಬೇಲಿಗಳನ್ನೇ ನೋಡುತ್ತಿದ್ದ.

ಮರುದಿನ ಒಲೆಯ ಮುಂದೆ ಕೂತು ನನಗೆ ಹೇಳಿದ: “ತಮ್ಮಾ, ನನಗ ಕೇಳೂದಿಲ್ಲ, ಖರೆ. ನಿಮ್ಮತ್ತಿಗೆ ಕೇಳ್ತೈತಲ್ಲ? ಮೊದಲ ಬೇಲ್ಯಾಗ ಕೌಜುಗ ಕೂಗಿದ್ರ, ರೊಟ್ಟಿ ಬಡಿಯೂದು ಬಿಟ್ಟು ಆಕಿ ಕುತ್ತಿಗಿ ಆ ಕಡಿ ಹೊಳ್ಳತಿತ್ತು. ನಾ ಅದನ್ನ ನೋಡಿ ಹಕ್ಕಿ ಕೇಳ್ತಿದ್ನಿ. ಭಾಳ ದಿನಾ ಆತು, ಆಕಿ ಹೊಳ್ಳಿ ನೋಡೇ ಇಲ್ಲ. ಹಕ್ಕಿ ಹೋಗ್ಯಾವ. ಯಾರೂ ನಂಬವಲ್ರು.”

ಅತ್ತೆ ರೊಟ್ಟಿ ಬಡಿಯುತ್ತಲೇ ಇದ್ದಳು.

ಆ ವರ್ಷದ ಎಳ್ಳಮಾವಾಸ್ಯೆಗೆ ನಾವೆಲ್ಲ ಹೊಲಕ್ಕೆ ಹೋದೆವು. ಮಾವ ಚರಗ ಚೆಲ್ಲುತ್ತ ಮುಂದೆ, ಅತ್ತೆ ನೀರಿನ ತಂಬಿಗೆ ಹಿಡಿದು ಹಿಂದೆ. ಬದುವಿನ ಹತ್ತಿರ ಅವನು ಒಮ್ಮೆ ಜೋರಾಗಿ ಕೂಗಿ, ಕಿವಿಗೆ ಕೈ ಹಚ್ಚಿ, ಹೊರಳಿ ಅತ್ತೆಯ ಮುಖ ನೋಡಿದ. ಹೊಲದಲ್ಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಅತ್ತೆ ಮೆಲ್ಲಗೆ ಬೇಲಿಯ ಕಡೆ ಕುತ್ತಿಗೆ ಹೊರಳಿಸಿದಳು.

“ಕೂಗಿತೇನ?”

ಹೌದೆಂದು ತಲೆಯಾಡಿಸಿದಳು.

ಮಾವ ಜೋಳದ ಸಾಲಿನಲ್ಲೇ ಕುಸಿದು ಕೂತ. “ಅದಾವಲೇ! ಇನ್ನೂ ಅದಾವ!” ಎಂದು ಸಣ್ಣ ಹುಡುಗನ ಹಾಗೆ ಅತ್ತ. ನಾವು ಯಾರೂ ಅತ್ತೆಯ ಮುಖ ನೋಡಲಿಲ್ಲ.

ಆಮೇಲೆ ತಾಳಿಕೋಟೆಯವರು ತಾವಾಗಿಯೇ ಕವಿಗೋಷ್ಠಿಗೆ ಕರೆಯಲು ಬಂದರು. “ಹಕ್ಕಿ ಐತ್ರಿ, ನಾ ಇನ್ನ ಯಾಕ ಒದರಲಿ?” ಎಂದು ಮಾವ ಚಹಾ ಕುಡಿಸಿ ಕಳಿಸಿಬಿಟ್ಟ. ಇಡೀ ಸೀಮೆಯಲ್ಲಿ ಆ ಹಕ್ಕಿಗಾಗಿ ಕೂಗುತ್ತಿದ್ದವನು ಅವನೊಬ್ಬನೇ. ಅವನೂ ಸುಮ್ಮನಾದ ಎಂಬುದು ಈಗಲೂ ನನ್ನನ್ನು ಚುಚ್ಚುತ್ತದೆ. ಅತ್ತೆಯನ್ನು ದೂರಲು ಬಾಯಿ ಬರುವುದಿಲ್ಲ. ಅವನು ಇರುವ ತನಕ ಅವಳು ದಿನಾ ಬೆಳಿಗ್ಗೆ ರೊಟ್ಟಿ ಬಡಿಯುತ್ತ, ಅವನು ಒಲೆಯ ಮುಂದೆ ಬಂದು ಕೂತ ಮೇಲೆ, ಒಮ್ಮೆ ಬೇಲಿಯ ಕಡೆ ಹೊರಳಿ ನೋಡುತ್ತಿದ್ದಳು.